ಹೆಪ್ಪು

ಗದಗದಿಂದ ಆಂಬುಲೆನ್ಸ್ ಬಂದಾಗ ಒಂದೂ ಹತ್ತು.
ಹುಬ್ಬಳ್ಳಿಯ ಈ ಕಟ್ಟಡದ ಮೂರನೇ ಮಾಳಿಗೆಯಲ್ಲಿ
ನಾನು ಅರಿವಳಿಕೆಯವಳು, ಅಂದರೆ
ಬೇರೆಯವರ ನಿದ್ದೆಗೆ ಎಚ್ಚರ ಇರುವವಳು.

ತುಳಜಾಸಾ. ಐವತ್ತೆಂಟು. ಬೆಟಗೇರಿ.
ನಾಲ್ಕು ಪವರ್‌ಲೂಮಿನ ಸದ್ದಿಗೆ ಅರ್ಧ ಕಿವಿ ಕೊಟ್ಟವನು.
"ಬೆನ್ನಾಗ ಯಾರೋ ಸೀರಿ ಹರದಂಗಾತ್ರಿ" ಅಂದ.
ಸ್ಕ್ಯಾನೂ ಅದನ್ನೇ ಅಂದಿತು:
ಮಹಾಧಮನಿಯ ಒಳಪದರ ಸೀಳಿ
ಒಂದು ಹಾದಿ ಇದ್ದಲ್ಲಿ ಎರಡು ಹಾದಿ.

ಅಂಗಿಯ ಕಿಸೆಯಲ್ಲಿ ಗುಳಿಗೆಯ ಪಟ್ಟಿ.
ಲಯ ತಪ್ಪುವ ಎದೆಯಲ್ಲಿ ರಕ್ತ ಗಡ್ಡೆಗಟ್ಟದಿರಲೆಂದು
ಎರಡು ವರ್ಷದಿಂದ ಮುಂಜಾನೆ ಒಂದು, ಸಂಜೆ ಒಂದು.
ಹತ್ತರಲ್ಲಿ ಏಳು ಮನೆ ಖಾಲಿ.
ಏಳನೆಯದು ಯಾವಾಗ?

ಸರ್ಜನ್ ಗಡಿಯಾರ ನೋಡಿದರು, ನಾನೂ ನೋಡಿದೆ.
ಅವರ ಗಡಿಯಾರ: ತಾಸಿಗೆ ನೂರರಲ್ಲಿ ಒಬ್ಬಿಬ್ಬರು ಹೋಗುತ್ತಾರೆ, ಕಾಯಬೇಡ.
ನನ್ನದು: ಹನ್ನೆರಡು ತಾಸಿಗೆ ಗುಳಿಗೆಯ ಕಸುವು ಅರ್ಧ, ಕಾಯಿ, ಕಾಯಿ,
ಈಗ ಕೊಯ್ದರೆ ಹೊಲಿಗೆಯ ತೂತು ತೂತೂ ಬಾಯಿ.

ಹೆಂಡತಿ ಅಂಬೂಬಾಯಿ ಹಿಂದಿನ ಗಾಡಿಯಲ್ಲಿ, ಅಣ್ಣಿಗೇರಿ ದಾಟಿಲ್ಲ.
ಫೋನಿನಲ್ಲಿ ಕೇಳಿದೆ: "ಕಡೀ ಗುಳಿಗಿ ಎಷ್ಟಕ್ಕ ಕೊಟ್ರಿ?"
"ಊಟ ಆದಮ್ಯಾಲ್ರಿ."
"ಊಟ ಎಷ್ಟಕ್ಕ?"
"ಕರೆಂಟ್ ಹೋತ್ರಿ, ಮಗ್ಗ ನಿಂತ್ವು, ಉಂಡ್ರು.
ಕತ್ತಲಾಗ ನಾನಽ ಬಾಯಾಗ ಹಾಕೀನಿ. ನೀರೂ ನಾನಽ ಕುಡಿಸೀನಿ.
ತಪ್ಪಾತೇನ್ರಿ?"

ಎರಡು ವರ್ಷ ನೀವು ಒಂದು ಹೊತ್ತೂ ತಪ್ಪಿಸಿಲ್ಲ ತಾಯಿ,
ಈಗ ಅದೇ ನನ್ನ ತೊಂದರೆ
ಎಂದು ಹೇಗೆ ಹೇಳುವುದು.

ಹಾಗಾಗಿ ನಡುರಾತ್ರಿ ಬೆಟಗೇರಿಯ ಕರೆಂಟಿನ ಆಫೀಸಿಗೆ ಫೋನು.
ಖಾದರ್‌ಬಾಷಾ ಎಂಬ ಲೈನ್‌ಮನ್
ಬೈಸಿಕೊಳ್ಳಲು ಸಿದ್ಧನಾಗಿಯೇ ಎತ್ತಿದ:
"ಬಂದೈತ್ರಿ, ಹನ್ನೊಂದಕ್ಕಽ ಬಂದೈತಿ ಕರೆಂಟ್!"
"ಹೋಗಿದ್ದು ಯಾವಾಗ, ಅಷ್ಟು ಹೇಳಪಾ."
ಪುಸ್ತಕ ತಿರುವಿದ ಸದ್ದು. "ಎಂಟೂ ನಲವತ್ತು. ಯಾಕ್ರಿ ಮೇಡಂ?"
ಯಾಕೆಂದು ಹೇಳಲಿಲ್ಲ. ಕೈಗವಸಿನ ಮೇಲೆ ಬರೆದುಕೊಂಡೆ.
ಐದು ತಾಸೂ ಆಗಿಲ್ಲ. ಗುಳಿಗೆಗೆ ಈಗ ತುಂಬು ಹರೆಯ.

"ಕಾಯೂದು ಬ್ಯಾಡ" ಅಂದರು ಸರ್ಜನ್. ನಾನೂ ತಲೆಯಾಡಿಸಿದೆ.
ಧಾರವಾಡದಿಂದ ಪ್ಲೇಟ್ಲೆಟ್ ಚೀಲಗಳು, ಆಟೊದಲ್ಲಿ, ಒಬ್ಬ ಹುಡುಗನ ತೊಡೆಯ ಮೇಲೆ.
ರಕ್ತ ಕಟ್ಟಿಸುವ ಪುಡಿ, ಸೀಸೆಗೊಂದರಂತೆ
ಮಗ್ಗದ ತಿಂಗಳ ದುಡಿಮೆ.
ಇವೆಲ್ಲ ಕಡೆಗೆ. ಮೊದಲು, ಯಂತ್ರಕ್ಕೆ ಹಾಯಿಸಲು,
ತೆಳುವಾದ ಆ ರಕ್ತವನ್ನು ನಾನೇ ಇನ್ನಷ್ಟು ತೆಳು ಮಾಡಿದೆ.

ಹರಿದ ನಾಳದ ಜಾಗಕ್ಕೆ ನೇಯ್ದ ಕೊಳವೆ.
ಹೌದು, ನೇಯ್ದದ್ದು. ಹಾಸು ಇದೆ, ಹೊಕ್ಕು ಇದೆ.
ಎಚ್ಚರವಿದ್ದಿದ್ದರೆ ಬೆರಳಲ್ಲಿ ಉಜ್ಜಿ
ನೂಲಿನ ನಂಬರು ಹೇಳುತ್ತಿದ್ದನೇನೋ.

ಯಂತ್ರ ನಿಂತಿತು. ಎದೆ ತಾನೇ ಬಡಿಯಿತು.
ಸೂಜಿ ಹೋದಲ್ಲೆಲ್ಲ ಜಿನುಗು.
ಚೀಲ ಏರಿಸಿದೆ, ಪುಡಿ ಕಲಸಿ ಏರಿಸಿದೆ.
ಸರ್ಜನ್ ಬಟ್ಟೆ ಒತ್ತಿ, ಕೈ ಕಟ್ಟಿ ನಿಂತರು:
"ಯಾರೂ ಮುಟ್ಟಬ್ಯಾಡ್ರಿ. ಹತ್ತು ಮಿನಿಟು."

ಹಾಲಿಗೆ ಹೆಪ್ಪು ಹಾಕಿ ನಮ್ಮವ್ವ ಹೀಗೇ ಅನ್ನುತ್ತಿದ್ದಳು:
ಗಡಿಗಿ ಅಲಗಿಸಬ್ಯಾಡ, ಮುಚ್ಚಳಾ ತಗದು ನೋಡಬ್ಯಾಡ,
ನೋಡಿದರ ಹತ್ತೂದಿಲ್ಲ ಅದು.
ನಾನು ನೋಡಲಿಲ್ಲ. ಬಾಟಲಿಯ ಗೆರೆ ನೋಡುತ್ತ ಕೂತೆ.
ಒಂಬೈನೂರು.
ಒಂಬೈನೂರ ಇಪ್ಪತ್ತು.
ಒಂಬೈನೂರ ಇಪ್ಪತ್ತು.
ಒಂಬೈನೂರ ಇಪ್ಪತ್ತು.

ಹೊರಗೆ ಬಂದಾಗ ಬೆಳಗಿನ ಎಂಟೂವರೆ.
ಬೆಂಚಿನ ಮೇಲೆ ಅಂಬೂಬಾಯಿ, ಮಡಿಲಲ್ಲಿ ಗಂಡನ ಅಂಗಿ,
ಕೈಯಲ್ಲಿ ಅದೇ ಪಟ್ಟಿ.
ಬದುಕಿದನೇ ಎಂದು ಕೇಳುವ ಮೊದಲೇ
"ಮುಂಜಾನಿ ಗುಳಿಗಿ ಹೊತ್ತಾತ್ರಿ" ಅಂದರು,
"ಒಳಗ ಬಿಡ್ತೀರೇನು?"

"ಇವತ್ತ ಬ್ಯಾಡ್ರಿ."

ಉಳಿದ ಮೂರನ್ನು ಬೆರಳಿಂದ ಮುಟ್ಟಿ ಮುಟ್ಟಿ ಎಣಿಸಿ
ಸೆರಗಿನ ತುದಿಗೆ ಗಂಟು ಹಾಕಿಕೊಂಡರು.